ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಸಿಗರೇಟು ಇವತ್ತೇ ಬಿಡಿ, ಕುಡಿತಕ್ಕೆ ಆ ಅವಸರ ಬೇಡ

ಪ್ರಶ್ನೆ: ವಯಸ್ಸು 21, ಎಂಜಿನಿಯರಿಂಗ್ ಓದುತ್ತಿದ್ದೇನೆ. ದಿನಕ್ಕೆ 12 ಸಿಗರೇಟು. ಎದ್ದ ಕೂಡಲೇ ಚಹಾದ ಜೊತೆ ಒಂದು ಬೇಕೇ ಬೇಕು. 2 ಮಿ.ಗ್ರಾಂ ನಿಕೋಟಿನ್ ಗಮ್ ತಂದು ಜಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬಂತೇ ಹೊರತು ಆಸೆ ಹೋಗಲಿಲ್ಲ.
– ವಿದ್ಯಾರ್ಥಿ, ನವನಗರ, ಬಾಗಲಕೋಟೆ

ಉತ್ತರ: ಒಂದೇ ಸಮನೆ ಜಗಿದಿದ್ದೀರಿ. ಹಾಗೆ ಜಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗೆ ಇಳಿಯುತ್ತದೆ. ಬಿಕ್ಕಳಿಕೆ, ಉರಿ ಎರಡೂ ಅದರದ್ದೇ. ಅದು ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಪದರದಿಂದ. ನಿಧಾನವಾಗಿ ಜಗಿಯಿರಿ. ಖಾರ ಹತ್ತಿ ಬಾಯಿ ಜುಮ್ಮೆಂದ ತಕ್ಷಣ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಿ. ಜುಮ್ಮು ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಜಗಿದು ಇನ್ನೊಂದು ಬದಿಗೆ. ಒಂದು ಗಮ್ ಅರ್ಧ ಗಂಟೆ ಬಾಳುತ್ತದೆ. ಹಾಕಿಕೊಳ್ಳುವ 15 ನಿಮಿಷ ಮೊದಲಿನಿಂದ ಉಗುಳುವವರೆಗೂ ಚಹಾ, ಸೋಡಾ, ಲಿಂಬು ಶರಬತ್ತು ಮುಟ್ಟಬೇಡಿ. ಬಾಯಲ್ಲಿ ಹುಳಿಯಿದ್ದರೆ ನಿಕೋಟಿನ್ ಒಳಗೆ ಸೇರುವುದು ತೀರ ಕಡಿಮೆ. ಚಹಾ ಹೀರುತ್ತ ಗಮ್ ಜಗಿದಿದ್ದರೆ ದುಡ್ಡು ಹಾಳು, ಅಷ್ಟೇ.

ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿ.ಗ್ರಾಂ ಸಾಲದು. 4 ಮಿ.ಗ್ರಾಂ ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕು. ಮೊದಲ 6 ವಾರ ಒಂದೆರಡು ಗಂಟೆಗೊಂದು, ಮುಂದಿನ 3 ವಾರ 2–4 ಗಂಟೆಗೊಂದು, ಕೊನೆಯ 3 ವಾರ 4–8 ಗಂಟೆಗೊಂದು. ದಿನಕ್ಕೆ 24 ಮೀರಬಾರದು. ಎರಡನೇ, ಮೂರನೇ ದಿನ ಸಿಟ್ಟು, ಚಡಪಡಿಕೆ ಜೋರು. ಆ ಎರಡು ದಿನ ಚಾದಂಗಡಿ ಕಡೆ ಹೋಗದಿದ್ದರೆ ಅರ್ಧ ಗೆದ್ದಂತೆ. ಉಚಿತ ಸಲಹೆಗೆ 1800-11-2356.

ಸಿಗರೇಟು ಬಿಡಲೆಂದು ಮಾವಾ (ಅಡಿಕೆ-ತಂಬಾಕಿನ ಮಿಶ್ರಣ), ಗುಟಖಾ ಹಿಡಿಯುವವರು ನಮ್ಮ ಕಡೆ ಬಹಳ. ನಿಕೋಟಿನ್ ಅಲ್ಲೂ ಅದೇ, ಮೇಲೆ ಅಡಿಕೆಯಿಂದ ಬಾಯಿ ಬಿಗಿಯುವ ರೋಗ ಬೇರೆ. ನಿಮ್ಮ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ.

ಪ್ರಶ್ನೆ: ತಮ್ಮನಿಗೆ 26. ಮೂರು ವರ್ಷದಿಂದ ದಿನಾ ಒಂದು ಕ್ವಾರ್ಟರ್, ಈಗೀಗ ಬೆಳಿಗ್ಗೆಯೂ ಬೇಕು. ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸೋಣ ಅನ್ನುತ್ತಾರೆ ಅಪ್ಪ. ಎರಡು ಬಿಯರಿಗೆ ಇಳಿದರೆ ಸಾಕು ಅನ್ನುತ್ತಾರೆ ಗೆಳೆಯರು.
– ಅಕ್ಕ, ಗೋಕಾಕ

ಉತ್ತರ: ಕೂಡಿ ಹಾಕಬೇಡಿ, ಜೀವಕ್ಕೇ ಅಪಾಯ. ಬೆಳಿಗ್ಗೆ ಬೇಕೆನಿಸುವುದು ಮೈ ಅದಕ್ಕೆ ಒಗ್ಗಿದೆ ಎಂಬುದರ ಗುರುತು. ಹಠಾತ್ತನೆ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದೊಳಗೆ ಕೆಲವರಿಗೆ ಸನ್ನಿ – ಗೋಡೆ ಮೇಲೆ ಇಲ್ಲದ ಹುಳು ಕಾಣುತ್ತವೆ, ಹೊತ್ತು-ಊರು ತಿಳಿಯುವುದಿಲ್ಲ. ಗಾಳಿ ಹಿಡಿದಿದೆ ಎಂದು ತಾಯಿತ ಕಟ್ಟಿಸಲು ಓಡುವುದು ಆಗಲೇ. ಓಡಬೇಕಾದದ್ದು ಆಸ್ಪತ್ರೆಗೆ.

ಬೆಳಗಾವಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಅಥವಾ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ನಡುಕ ತಡೆಯುವ ಮಾತ್ರೆ ಕೊಟ್ಟು ಸುಮಾರು ಒಂದು ವಾರದಲ್ಲಿ ಆ ಮಾತ್ರೆಯನ್ನೂ ಇಳಿಸುತ್ತ ನಿಲ್ಲಿಸುತ್ತಾರೆ. ಸುಸ್ತು ಎಂದು ಊರಲ್ಲೇ ಸಲಾಯಿನ್ ಹಚ್ಚಿಸುವುದಾದರೆ ಒಂದು ಮಾತು ನೆನಪಿರಲಿ: ಕುಡಿಯುವವರಿಗೆ ಗ್ಲೂಕೋಸ್ ಏರಿಸುವ ಮೊದಲು, ಇಲ್ಲವೇ ಅದರ ಜೊತೆಗೇ, ಬಿ1 ಜೀವಸತ್ವ ಥಯಾಮಿನ್ ಕೊಡಬೇಕು. ಕೊಡದಿದ್ದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕುಡಿತ ಬಿಡಿಸುವ ಔಷಧವನ್ನು ಗೊತ್ತಾಗದಂತೆ ಸಾರಿಗೆ ಬೆರೆಸುವುದಂತೂ ಬೇಡವೇ ಬೇಡ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿಯಬಹುದು.

ಇನ್ನು ಬಿಯರ್. ಒಂದು ಕ್ವಾರ್ಟರ್, ಅಂದರೆ ಶೇ 42.8ರ ವಿಸ್ಕಿ 180 ಮಿ.ಲೀ.ನಲ್ಲಿ ಸುಮಾರು 61 ಗ್ರಾಂ ಮದ್ಯಸಾರ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ, ಎರಡಕ್ಕೆ 82. ಗೆಳೆಯರು ಇಳಿಸಿದ್ದಲ್ಲ, ಏರಿಸಿದ್ದು.

ಪ್ರಶ್ನೆ: ಹಾಸ್ಟೆಲಿನಲ್ಲಿ ರಾತ್ರಿ ಚಿಪ್ಸ್, ಬಿಸ್ಕೀಟು ಶುರುವಾದರೆ ನಿಲ್ಲುವುದೇ ಇಲ್ಲ. ಮರುದಿನ ಉಪವಾಸ ಮಾಡುತ್ತೇನೆ. ಇದೂ ಚಟವೇ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಚಟವೋ ಅಲ್ಲವೋ, ಅದನ್ನು ಸಾಕುತ್ತಿರುವುದು ಆ ಉಪವಾಸ. ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿದ್ದರೆ ರಾತ್ರಿ ಕೈ ತಡೆಯುವುದಿಲ್ಲ. ಅನ್ನವನ್ನು ಸಿಗರೇಟಿನಂತೆ ಬಿಟ್ಟುಬಿಡಲು ಬರುವುದಿಲ್ಲವಲ್ಲ! ಮೂರು-ನಾಲ್ಕು ಗಂಟೆಗೊಮ್ಮೆ ಏನಾದರೂ ತಿನ್ನಿ: ಮಧ್ಯಾಹ್ನ ರೊಟ್ಟಿ, ಕಾಳು ಪಲ್ಯ; ಸಂಜೆ ಒಂದು ಹಿಡಿ ಹುರಿದ ಶೇಂಗಾ. ಕೋಣೆಯಲ್ಲಿ ದೊಡ್ಡ ಪ್ಯಾಕೆಟ್ ಇಡಬೇಡಿ. ವಾರಕ್ಕೊಮ್ಮೆಯಾದರೂ ಹೀಗೆ ಹಿಡಿತ ತಪ್ಪಿ ಮೂರು ತಿಂಗಳಾಗಿದ್ದರೆ, ಇಲ್ಲವೇ ತಿಂದದ್ದನ್ನು ಬೆರಳು ಹಾಕಿ ವಾಂತಿ ಮಾಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಹೋಗಲು ಅಳುಕಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.