ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು

ಮೈಸೂರು ಕಡೆ ಎಂಬಿಬಿಎಸ್ ಮುಗಿಸಿರುವ ತಮಗೆ ಯಾದಗಿರಿ ಜಿಲ್ಲೆಯಲ್ಲಿ ಕೆಲಸ ಸಿಕ್ಕಿದೆ, ಅಲ್ಲಿನ ಹಿರಿಯ ವೈದ್ಯರೂ ಸಿಸ್ಟರ್‌ಗಳೂ ಹೊಸಬರಿಗೆ ಒತ್ತಾಸೆಯಾಗಿ ನಿಲ್ಲುತ್ತಾರೆಯೇ, ಇಲ್ಲವೇ ಬೈಸಿಕೊಳ್ಳುತ್ತಲೇ ದಿನ ದೂಡಬೇಕೇ ಎಂದು ಕೇಳಿದ್ದೀರಿ. ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರಾಗಿ ನನಗಿದು ಎರಡನೆಯ ವರ್ಷ. ಬೈಗುಳವೂ ಉಂಟು, ಒತ್ತಾಸೆಯೂ ಉಂಟು, ಎಷ್ಟೋ ಸಲ ಎರಡೂ ಒಬ್ಬರಿಂದಲೇ ಬರುತ್ತವೆ. ಆದ್ದರಿಂದ ಯಾರ ಮಾತು ಮೆದು, ಯಾರದು ಬಿರುಸು ಎಂದು ಅಳೆಯಲು ಹೋಗಬೇಡಿ. ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಫೋನ್ ಎತ್ತುತ್ತಾರೆಯೇ, ಎತ್ತಿದವರು ಮೊದಲು ಕೇಳುವುದು ನಿಮ್ಮ ತಪ್ಪನ್ನೋ ರೋಗಿಯ ನಾಡಿಯನ್ನೋ ಎಂಬುದನ್ನು ಮಾತ್ರ ಗಮನಿಸಿ.

ಇದನ್ನು ನಾನು ಕಲಿತದ್ದು ಇದಕ್ಕೂ ಮೊದಲು ಬೇರೊಂದು ಊರಿನಲ್ಲಿ ಕೆಲಸ ಮಾಡುವಾಗ. ಅಲ್ಲಿ ರಾತ್ರಿ ಕರೆ ಮಾಡಿದವರಿಗೆ ಬೆಳಗಿನ ರೌಂಡ್ಸಿನಲ್ಲಿ ಎಲ್ಲರೆದುರು ಮಂಗಳಾರತಿಯಾಗುತ್ತಿತ್ತು. ಹೆರಿಗೆಯಾಗಿ ಮೂರು ತಾಸು ಕಳೆದಿದ್ದ ಬಾಣಂತಿಯೊಬ್ಬಳ ನಾಡಿ 96ರಿಂದ 120ಕ್ಕೆ ಏರಿದ್ದನ್ನು ಕಣ್ಣಾರೆ ಕಂಡಿದ್ದರೂ, ಬಿಪಿ ಇನ್ನೂ ಇಳಿದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಯಾರಿಗೂ ಕರೆ ಮಾಡದೆ ಒಂದೂವರೆ ತಾಸು ಕುಳಿತುಬಿಟ್ಟೆ. ರಕ್ತಸ್ರಾವದಲ್ಲಿ ಮೊದಲು ಏರುವುದು ನಾಡಿ, ಬಿಪಿ ಕುಸಿಯುವುದು ಆಮೇಲೆ ಎಂಬುದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಸಂಗತಿಯೇ. ತಿಳಿಯದೆ ಸುಮ್ಮನಿದ್ದದ್ದಲ್ಲ, ಹೆದರಿ ಸುಮ್ಮನಿದ್ದದ್ದು. ರಕ್ತ ಕೊಟ್ಟ ಮೇಲೆ ಆಕೆ ಚೇತರಿಸಿಕೊಂಡಳು. ಆ ಒಂದೂವರೆ ತಾಸು ಮಾತ್ರ ನನ್ನ ಲೆಕ್ಕದಲ್ಲೇ ಉಳಿದಿದೆ.

ಇಲ್ಲಿಗೆ ಬಂದ ಮೊದಲ ವರ್ಷ, ತೊಗರಿ ಕೊಯ್ಲಿನ ದಿನಗಳಲ್ಲಿ, ಹೊಲದಲ್ಲಿ ಹಾವು ಕಚ್ಚಿದ ಹೆಂಗಸೊಬ್ಬಳನ್ನು ಸಂಜೆ 108ರಲ್ಲಿ ಕರೆತಂದರು. ಯಾವ ಹಾವೆಂದು ಯಾರೂ ನೋಡಿರಲಿಲ್ಲ. ಕಾಲು ಬಾತಿತ್ತು, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ರಕ್ತ ಹೆಪ್ಪುಗಟ್ಟುವುದೋ ಇಲ್ಲವೋ ನೋಡಲು ನಾನು ಕೈಗೆ ಸಿಕ್ಕ ಪ್ಲಾಸ್ಟಿಕ್ ಟ್ಯೂಬಿಗೆ ರಕ್ತ ಹಾಕಲು ಹೊರಟಾಗ, ನನ್ನ ತಾಯಿಯ ವಯಸ್ಸಿನ ಸಿಸ್ಟರ್ ಏನೂ ಹೇಳದೆ ಅದನ್ನು ಆಚೆ ಸರಿಸಿ, ಒಣಗಿದ ಗಾಜಿನ ಟ್ಯೂಬೊಂದನ್ನು ಮುಂದಿಟ್ಟರು. ಹೆಪ್ಪುಗಟ್ಟುವ ಕ್ರಿಯೆಯನ್ನು ಚುರುಕುಗೊಳಿಸುವುದು ಗಾಜಿನ ಮೈ. ಪ್ಲಾಸ್ಟಿಕ್ಕಿನಲ್ಲಿ ಆರೋಗ್ಯವಂತರ ರಕ್ತವೂ ತಡಮಾಡಿ ನಮ್ಮನ್ನು ದಾರಿ ತಪ್ಪಿಸಬಲ್ಲದು. ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಡಬೇಕು. ನನಗೆ ತಡೆಯಲಾಗಲಿಲ್ಲ, ಎಂಟನೆಯ ನಿಮಿಷಕ್ಕೇ ಕೈ ಚಾಚಿದೆ. ಸಿಸ್ಟರ್ ಸ್ಟ್ಯಾಂಡಿಗೆ ಅಂಗೈ ಅಡ್ಡ ಹಿಡಿದು, "ಇನ್ನಾ ಟೈಮ್ ಆಗಿಲ್ರಿ ಸರ್, ಅಲುಗ್ಯಾಡಸಬ್ಯಾಡ್ರಿ" ಎಂದರು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಟ್ಯೂಬನ್ನು ವಾಲಿಸಿದಾಗ ರಕ್ತ ನೀರಿನಂತೆ ಹರಿಯಿತು.

ಅಷ್ಟರಲ್ಲಿ ಅವರು, ಔಷಧಿ ಒಗ್ಗದೆ ಅಲರ್ಜಿಯಾದರೆ ಇರಲೆಂದು ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟು, ಪುಡಿಯ ರೂಪದಲ್ಲಿರುವ ವಿಷನಿರೋಧಕದ ಹತ್ತು ವಯಲ್‌ಗಳನ್ನು (ಪುಟ್ಟ ಸೀಸೆಗಳನ್ನು) ಟ್ರೇಯಲ್ಲಿ ಸಾಲಾಗಿ ಜೋಡಿಸಿದ್ದರು. ಆ ಪುಡಿಯನ್ನು ಕುಲುಕಿ ಕರಗಿಸುವಂತಿಲ್ಲ, ನೊರೆಯೇಳುತ್ತದೆ. ಪ್ರತಿ ವಯಲನ್ನೂ ಎರಡು ಅಂಗೈಗಳ ನಡುವೆ ಹಿಡಿದು ನಿಧಾನವಾಗಿ ಉರುಳಿಸಬೇಕು. ವಾರ್ಡ್ ಬಾಯ್, ಆಯಾ, ಹೊರಟು ನಿಂತಿದ್ದ ಆಂಬ್ಯುಲೆನ್ಸಿನ ಹುಡುಗ ಎಲ್ಲರೂ ಬೆಂಚಿನ ಮೇಲೆ ಕುಳಿತು, ಉಂಡೆ ಕಟ್ಟುವವರಂತೆ ವಯಲ್ ಉರುಳಿಸುತ್ತಿದ್ದ ದೃಶ್ಯ ನನ್ನ ಕಣ್ಣ ಮುಂದೆ ಇನ್ನೂ ಇದೆ. ಫೋನಿನಲ್ಲಿದ್ದ ಹಿರಿಯ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಕಣ್ಣರೆಪ್ಪೆ ಜೋತುಬಿದ್ದಿದೆಯೇ, ಉಸಿರಾಟ ಹೇಗಿದೆ. ಹದಿನೈದು ನಿಮಿಷದಲ್ಲಿ ಅವರೇ ಬಂದರು, ಬಂದವರು ಮೊದಲು ನನ್ನ ಕೇಸ್ ಶೀಟಿನ ಅಕ್ಷರ ಓದಲಾಗದೆಂದು ಬೈದರು. ಬೈಗುಳವೂ ಒತ್ತಾಸೆಯೂ ಒಬ್ಬರಿಂದಲೇ ಬರುತ್ತವೆ ಎಂದೆನಲ್ಲ, ಅದು ಹೀಗೆ.

ಕೀಟನಾಶಕ ಕುಡಿದು ಬರುವವರನ್ನೂ ನೀವಿಲ್ಲಿ ಬಹಳ ನೋಡಬೇಕಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುವಾಗ ಕಣ್ಣಿನ ಪಾಪೆ ಹಿಗ್ಗಿದ್ದನ್ನು ನೋಡಿ ನಿಲ್ಲಿಸಿಬಿಡಬೇಡ, ಎದೆಯಲ್ಲಿ ನೀರಿನ ಸದ್ದು ಹೋಯಿತೇ ಎಂದು ಸ್ಟೆತಸ್ಕೋಪ್ ಇಟ್ಟು ಕೇಳು ಎಂದು ಅದೇ ಹಿರಿಯರು ಮಂಚದ ಪಕ್ಕ ನಿಂತು ಹೇಳಿಕೊಟ್ಟರು. ಅಂದು ನಾನು ಐದೈದು ನಿಮಿಷಕ್ಕೊಮ್ಮೆ ಎದೆ ಕೇಳಿ ಹೇಳುತ್ತಿದ್ದೆ, ಸಿಸ್ಟರ್ ಡೋಸ್ ಬರೆದುಕೊಳ್ಳುತ್ತಿದ್ದರು.

ಭಾಷೆಯ ವಿಷಯದಲ್ಲಿ ನಿಮಗೆ ಆಯಾಗಳೇ ಗುರುಗಳು. "ದಮ್ಮ ಹತ್ತಲತದ್ರಿ" ಎಂದರೆ ಏದುಸಿರು ಎಂದು ಮೈಸೂರಿನವರಿಗೆ ಕೂಡಲೇ ಹೊಳೆಯದೆ ಇರಬಹುದು. ಗುರುಮಠಕಲ್ ಕಡೆಯಿಂದ ತೆಲುಗು ಮಾತನಾಡುವವರು ಬರುತ್ತಾರೆ, ಮತ್ತೆ ಕೆಲವರು ದಖನಿ ಉರ್ದುವಿನಲ್ಲಿ ಕಷ್ಟ ಹೇಳಿಕೊಳ್ಳುತ್ತಾರೆ. ನಮ್ಮ ಆಯಾಗೆ ಮೂರೂ ಬರುತ್ತವೆ, ನನಗೆ ಒಂದೂವರೆ.

ಇನ್ನು ನಿಮ್ಮ ಪಾಲಿನದು. ಕರೆ ಮಾಡುವ ಮುನ್ನ ನಾಡಿ, ಬಿಪಿ, ಉಸಿರಾಟ, ಆಮ್ಲಜನಕದ ಮಟ್ಟ ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ವಾಕ್ಯದಲ್ಲೇ "ಸರ್, ತಾವು ಬರಬೇಕು" ಅಥವಾ "ಸಲಹೆ ಸಾಕು" ಎಂದು ಹೇಳಿಬಿಡಿ. ನಿದ್ದೆಗಣ್ಣಿನಲ್ಲಿರುವವರಿಗೆ ರೋಗಿಯ ಪೂರ್ವಚರಿತ್ರೆಯಿಂದ ಕಥೆ ಶುರುಮಾಡಿದರೆ ಎಂಥ ಸಜ್ಜನರಿಗೂ ಸಿಟ್ಟು ಬರುತ್ತದೆ. ಡ್ಯೂಟಿ ಬಿಟ್ಟುಕೊಡುವಾಗ ಮಾಡದೆ ಉಳಿದ ಕೆಲಸವನ್ನು ಮುಚ್ಚಿಡಬೇಡಿ. ನಾನೊಮ್ಮೆ ಕಳಿಸಲು ಮರೆತ ರಕ್ತದ ಸ್ಯಾಂಪಲ್ಲನ್ನು ಒಪ್ಪಿಕೊಂಡಾಗ, ಮುಂದಿನ ಪಾಳಿಯವರು ಗೊಣಗಿದರೂ ತಾವೇ ತೆಗೆದು ಕಳಿಸಿದರು. ಅಂದಿನಿಂದ ಅವರೂ ತಮ್ಮ ಮರೆವನ್ನು ನನ್ನ ಹತ್ತಿರ ಬಚ್ಚಿಡುವುದಿಲ್ಲ.

ಎಲ್ಲ ಕಡೆಯೂ ಹೀಗೇ ಇರುತ್ತದೆಂದು ನಾನು ಭರವಸೆ ಕೊಡಲಾರೆ. ಹಳೆಯ ಊರಿನ ಕಥೆಯನ್ನು ಹೇಳಿದ್ದು ಅದಕ್ಕೇ. ನಿಮಗೆ ಸಿಕ್ಕ ಜಾಗ ಹೇಗಿದೆಯೆಂದು ತಿಳಿಯಲು ಮೊದಲ ವಾರವೇ, ತುರ್ತು ಏನೂ ಇಲ್ಲದ ಹಗಲಿನಲ್ಲಿ, ಒಂದು ಸಣ್ಣ ಸಂದೇಹವನ್ನು ಹಿರಿಯರ ಮುಂದಿಟ್ಟು ನೋಡಿ. ಏಪ್ರಿಲ್, ಮೇನಲ್ಲಿ ಬರುವುದಾದರೆ ಇನ್ನೊಂದು ಮಾತು: ಬಿಸಿಲು 42 ಡಿಗ್ರಿ ದಾಟುತ್ತದೆ, ನಮ್ಮಲ್ಲಿ ಡ್ಯೂಟಿ ರೂಮಿನ ಕೂಲರಿಗೆ ನೀರು ತುಂಬುವ ಕೆಲಸ ಸರದಿಯ ಮೇಲೆ ನಡೆಯುತ್ತದೆ, ಮತ್ತು ಆ ಸರದಿಯಲ್ಲಿ ಹಿರಿಯ ವೈದ್ಯರ ಹೆಸರೂ ಇದೆ.