ಪಿತ್ತಕೋಶದ ಕಲ್ಲು ಅಂತ ಹೇಳಿಬಿಟ್ಟಿದ್ದೀನಿ, ಈಗೇನು ಮಾಡಲಿ?

ಪ್ರಶ್ನೆ: ನನಗೆ 39 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಎತ್ತರ ಐದಡಿ ಎರಡಿಂಚು, ತೂಕ 112 ಕೆ.ಜಿ. ಇತ್ತು. ಆರು ವರ್ಷದಿಂದ ಶುಗರ್ ಇದೆ, ಮೊಣಕಾಲು ನೋವು, ರಾತ್ರಿಯೆಲ್ಲ ಗೊರಕೆ. ಡಯಟ್ಟು, ಯೋಗ, ವಾಕಿಂಗು ಎಲ್ಲ ಮಾಡಿದೆ. ಇಳಿದದ್ದೆಲ್ಲ ಮತ್ತೆ ಏರಿತು. ಮೂರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಯಜಮಾನರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅತ್ತೆಗೆ, ತವರಿಗೆ, ಸ್ಕೂಲಿಗೆ ಎಲ್ಲರಿಗೂ ಪಿತ್ತಕೋಶದಲ್ಲಿ ಕಲ್ಲಿತ್ತು, ತೆಗೆಸಿದೆವು ಅಂತ ಹೇಳಿದ್ದೇವೆ. ಈಗ 93ಕ್ಕೆ ಬಂದಿದ್ದೀನಿ. ಆದರೆ ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತದೆ. ನನಗೇನೋ ದೊಡ್ಡ ಕಾಯಿಲೆ ಬಂದಿದೆ ಅಂತ ಸ್ಟಾಫ್ ರೂಮಿನಲ್ಲಿ ಗುಸುಗುಸು. ಅತ್ತೆ ‘ಕಲ್ಲು ತೆಗೆದ್ರಲ್ಲ, ಇನ್ಯಾಕೆ ಪಥ್ಯ’ ಅಂತ ಬಲವಂತ ಮಾಡಿ ಬಡಿಸುತ್ತಾರೆ. ಹೋದ ವಾರ ಅವರಿಗೆ ಬೇಜಾರಾಗಬಾರದು ಅಂತ ಒಂದು ಹೋಳಿಗೆ ತಿಂದು ಬಚ್ಚಲಿಗೆ ಓಡಿದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ವಾಂತಿ ಮಾಡಿದೆ. ಬಾಗಿಲು ತೆಗೆದರೆ ಅತ್ತೆ ತುಪ್ಪದ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಯಜಮಾನರು ‘ನೀನೇ ಬೇಕು ಅಂತ ಮಾಡಿಸಿಕೊಂಡಿದ್ದು’ ಅನ್ನುತ್ತಾರೆ. ನಿಜ ಹೇಳಿದರೆ ‘ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡಳು’ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಧೈರ್ಯ ಹೇಳೋರು ಒಬ್ಬರೂ ಇಲ್ಲ. ನಾನು ಅಡ್ಡದಾರಿ ಹಿಡಿದೆನಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಮಡಚಿಟ್ಟ ಮೇಲೂ ಆ ತುಪ್ಪದ ಬಟ್ಟಲು ನನ್ನ ಕಣ್ಣ ಮುಂದಿಂದ ಹೋಗುತ್ತಿಲ್ಲ. ಆ ಹಿರಿಯ ಜೀವಕ್ಕೆ ಅಲ್ಲಿ ನಿಂತಾಗ ಏನನ್ನಿಸಿರಬಹುದು ಯೋಚಿಸಿ. ಸೊಸೆ ಸೊರಗುತ್ತಿದ್ದಾಳೆ. ಕೂದಲು ಉದುರುತ್ತಿದೆ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಕೇಳಿದರೆ ಗಂಡ ಹೆಂಡತಿ ಇಬ್ಬರೂ ಪಿತ್ತಕೋಶ ಅನ್ನುತ್ತಾರೆ. ನಾನಾಗಿದ್ದರೆ ದುಗ್ಗಮ್ಮನ ಗುಡಿಗೆ ಹೋಗಿ ಹರಕೆ ಹೊತ್ತು ಬರುತ್ತಿದ್ದೆ. ಅವರು ಹೋಳಿಗೆ ಮಾಡಿದ್ದಾರೆ, ಅಷ್ಟೇ.

ಅತ್ತೆ ವಿಷಯಕ್ಕೆ ಆಮೇಲೆ ಬರುತ್ತೀನಿ. ಮೊದಲು ಈ ಅಡ್ಡದಾರಿ ಮಾತು ಮುಗಿಸಿಬಿಡೋಣ. ನೀವು ಕೊಟ್ಟ ಎತ್ತರ, ತೂಕ ಹಾಕಿ ಲೆಕ್ಕ ಮಾಡಿದೆ. ನಿಮ್ಮ ಬಿ.ಎಂ.ಐ., ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 45 ಇತ್ತು. ಅದು 40 ದಾಟಿದರೆ, ಅಥವಾ ಶುಗರ್‌ನಂಥ ಕಾಯಿಲೆ ಜೊತೆಗಿದ್ದು 35 ದಾಟಿದರೆ ಆಪರೇಷನ್ ಮಾಡಬಹುದು ಅಂತ 1991ರಲ್ಲೇ ಅಮೆರಿಕದ ತಜ್ಞರು ಗೆರೆ ಹಾಕಿದ್ದರು. 2022ರಲ್ಲಿ ಆ ಗೆರೆಯನ್ನು ಇನ್ನೂ ಕೆಳಗಿಳಿಸಿದರು. ನಮ್ಮಂಥ ಏಷ್ಯಾದವರಿಗೆ ಅದು ಮತ್ತೂ ಕೆಳಗೇ ಇದೆ. ಅಂದರೆ ನೀವು ಶೋಕಿಗೆ ಮಾಡಿಸಿಕೊಂಡದ್ದಲ್ಲ. ಇಳಿಸಿದ ತೂಕ ಮತ್ತೆ ಏರಿದ್ದೂ ನಿಮ್ಮ ನಾಲಿಗೆ ಚಪಲದಿಂದ ಅಲ್ಲ. ತೂಕ ಇಳಿದ ಕೂಡಲೇ ದೇಹ ಗಾಬರಿಬಿದ್ದು ಹಸಿವಿನ ಹಾರ್ಮೋನು ಜಾಸ್ತಿ ಮಾಡುತ್ತದೆ. ಆ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಹೊಟ್ಟೆಯ ಮೇಲ್ಭಾಗದಲ್ಲಿ. ಸ್ಲೀವ್ ಆಪರೇಷನ್ನಿನಲ್ಲಿ ಆ ಭಾಗವೂ ಸೇರಿ ಹೊಟ್ಟೆಯ ಮುಕ್ಕಾಲು ಪಾಲು ಹೋಗುತ್ತದೆ, ಉಳಿಯುವುದು ಒಂದು ಬಾಳೆಹಣ್ಣಿನಷ್ಟು. ಇದನ್ನು ಸುಲಭದ ದಾರಿ ಅನ್ನುವವರಿಗೆ ಎರಡು ವಾರ ಬರೀ ಬೇಳೆಕಟ್ಟು, ಮಜ್ಜಿಗೆ ಕುಡಿದುಕೊಂಡು ಎಂಟು ಪೀರಿಯಡ್ ಪಾಠ ಮಾಡಿ ಬನ್ನಿ ಅನ್ನಿ. ಮೂರನೇ ದಿನಕ್ಕೆ ಗುಂಡಿ ಸರ್ಕಲ್ ಕಡೆ ಬೆಣ್ಣೆದೋಸೆ ಹುಡುಕಿಕೊಂಡು ಹೋಗಿರುತ್ತಾರೆ.

ಆದರೆ ನೀವು ಹೇಳಿದ ಸುಳ್ಳು ಇದೆಯಲ್ಲ, ಅದು ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿತು. ಸುಳ್ಳು ಹೇಳಿದ್ದಕ್ಕಲ್ಲ. ಇರುವ ಸುಳ್ಳುಗಳಲ್ಲಿ ಇದನ್ನೇ ಆರಿಸಿಕೊಂಡಿದ್ದಕ್ಕೆ.

ಯಾಕೆ ಗೊತ್ತಾ? ತೂಕ ಬೇಗ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಜಾಸ್ತಿ. ಈ ಆಪರೇಷನ್ ಆದವರಿಗೆ ಮೊದಲ ವರ್ಷ ಇದರ ಮೇಲೆ ಒಂದು ಕಣ್ಣಿಟ್ಟಿರಿ ಅಂತ ವೈದ್ಯರೇ ಹೇಳುತ್ತಾರೆ. ಈಗ ಹೀಗೆ ಅಂದುಕೊಳ್ಳಿ. ಒಂದು ರಾತ್ರಿ ಬಲಪಕ್ಕೆಯಲ್ಲಿ ತಡೆಯಲಾರದ ನೋವು. ಯಜಮಾನರು ಊರಲ್ಲಿಲ್ಲ. ಅತ್ತೆ, ಮೈದುನ ಸೇರಿ ನಿಮ್ಮನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ನಿಮಗೆ ಮಾತಾಡಲು ಆಗುತ್ತಿಲ್ಲ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ಅತ್ತೆ ಹೇಳುತ್ತಾರೆ: ‘ಪಿತ್ತಕೋಶ ತೆಗ್ಸಿ ಮೂರ್ ತಿಂಗ್ಳಾತ್ರಿ.’ ಅಲ್ಲಿಗೆ ಡಾಕ್ಟರು ಮೊದಲು ಎಲ್ಲಿ ನೋಡಬೇಕಿತ್ತೋ ಆ ಬಾಗಿಲನ್ನೇ ಮುಚ್ಚಿಬಿಟ್ಟ ಹಾಗಾಯಿತು. ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ, ನಿಜ. ಆದರೆ ಅಷ್ಟು ಹೊತ್ತು ಸುಮ್ನೆ ಹಾಳು. ಜೊತೆಗೆ ನಿಮ್ಮ ಹೊಟ್ಟೆ ಈಗ ಮೊದಲಿನ ಹೊಟ್ಟೆಯಲ್ಲ ಅನ್ನುವುದು ಅಲ್ಲಿ ಯಾರಿಗೂ ಗೊತ್ತಿಲ್ಲ.

ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೇನೂ ಇಲ್ಲ. ನಾನೂ ಬಿ.ಪಿ. ಮಾತ್ರೆಯನ್ನು ವಿಟಮಿನ್ ಮಾತ್ರೆ ಅಂತ ಹೇಳಿಕೊಂಡು ಎರಡು ವರ್ಷ ನುಂಗಿದವಳು. ‘ಇಷ್ಟು ಬೇಗ ಬಿ.ಪಿ.ನಾ’ ಅಂತ ಯಾರೂ ಕೇಳಬಾರದಲ್ಲ, ಅದಕ್ಕೆ. ಒಂದು ದಿನ ಊರಿಂದ ಬಂದ ನನ್ನ ತಂಗಿ ‘ನಂಗೂ ಯಾಕೋ ಸುಸ್ತು ಕಣೇ’ ಅಂತ ಡಬ್ಬಿ ತೆಗೆದು ಒಂದು ನುಂಗೇಬಿಟ್ಟಳು. ಸಂಜೆವರೆಗೆ ಅವಳ ಪಕ್ಕದಲ್ಲಿ ಕೂತು ಕೂತು ನನ್ನ ಬಿ.ಪಿ. ಏರಿತು.

ಹಾಗಂತ ಊರಿಗೆಲ್ಲ ಡಂಗುರ ಸಾರಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಹೊಟ್ಟೆ ನಿಮ್ಮದು. ನಿಜ ಗೊತ್ತಿರಲೇಬೇಕಾದವರು ಇಬ್ಬರು: ನಿಮಗೆ ಅಡುಗೆ ಮಾಡಿ ಹಾಕುವವರು, ನಿಮಗೆ ಔಷಧ ಕೊಡುವವರು. ಎರಡನೆಯದು ಸುಲಭ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ನೋವಿಗೇ ಹೋದರೂ, ಸ್ಲೀವ್ ಆಗಿದೆ ಅಂತ ಮೊದಲು ಹೇಳಿ. ಮೊಣಕಾಲು ನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಂದು ನುಂಗಬೇಡಿ, ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಹುಣ್ಣಾದರೆ ಕಷ್ಟ. ಶುಗರ್ ಮಾತ್ರೆ ಹಳೇ ಅಳತೆಯಲ್ಲೇ ನಡೆಯುತ್ತಿದೆಯಾ ಅದನ್ನೂ ಕೇಳಿ. ಊಟ ಇಷ್ಟು ಕಡಿಮೆಯಾದ ಮೇಲೆ ಶುಗರ್ ಸರ್ರನೆ ಇಳಿದುಬಿಡಬಹುದು.

ಇನ್ನು ಅಡುಗೆಮನೆ. ಅತ್ತೆ.

ಅವರಿಗೆ ಎಲ್ಲರೂ ಕೂತು ಟಿ.ವಿ. ನೋಡುವಾಗ ಹೇಳಬೇಡಿ. ಗಂಡನ ಬಾಯಿಂದಲೂ ಹೇಳಿಸಬೇಡಿ, ‘ಮಗ ಸೊಸೆ ಸೇರಿಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದರು’ ಅನ್ನಿಸುತ್ತದೆ. ಭಾನುವಾರ ಮಧ್ಯಾಹ್ನ ಸೊಪ್ಪು ಸೋಸುತ್ತಲೋ ಅವರೆಕಾಯಿ ಬಿಡಿಸುತ್ತಲೋ ಕೂತಿರುತ್ತಾರಲ್ಲ, ಆಗ ನೀವೂ ಒಂದು ಹಿಡಿ ಎತ್ತಿಕೊಂಡು ಎದುರು ಕೂತುಕೊಳ್ಳಿ. ಕೈಗೆ ಕೆಲಸ ಇದ್ದಾಗ ಮುಖ ನೋಡುವ ಕಷ್ಟ ಇರುವುದಿಲ್ಲ. ‘ಅತ್ತೆ, ನಿಮ್ಮ ಹತ್ರ ಒಂದು ಸುಳ್ಳು ಹೇಳಿದ್ದೆ. ಹೋಳಿಗೆ ವಾಂತಿ ಆಗಿದ್ದು ನಿಮ್ಮ ಕೈ ಅಡುಗೆಯಿಂದಲ್ಲ, ನನ್ನ ಹೊಟ್ಟೆ ಈಗ ಇಷ್ಟೇ ಇರೋದು’ ಅಂತ ಶುರು ಮಾಡಿ. ನಾಚಿಕೆಯಾಗಿ ಮುಚ್ಚಿಟ್ಟೆ ಅಂತಲೂ ಹೇಳಿ, ಅದು ನಿಜ ತಾನೇ? ಬೈಯುತ್ತಾರೆ. ಬೈಸಿಕೊಳ್ಳಿ. ಎರಡು ದಿನ ಮಾತು ಬಿಟ್ಟರೂ ಬಿಟ್ಟರು. ಮೂರನೇ ದಿನ ‘ಮತ್ತೇನು ತಿನ್ನಬಹುದು ನೀನು?’ ಅಂತ ಕೇಳುತ್ತಾರೆ ನೋಡಿ, ಅಲ್ಲಿಂದ ನಿಮ್ಮ ಕಷ್ಟ ಅರ್ಧ ಇಳಿಯಿತು. ತಿನ್ನಿಸಬೇಕು ಅನ್ನುವ ಹಟ ಇರುವವರನ್ನು ಬೇಡ ಬೇಡ ಅಂತ ತಡೆಯೋಕೆ ಆಗಲ್ಲ. ಏನು ತಿನ್ನಿಸಬೇಕು ಅಂತ ತೋರಿಸಬೇಕು.

ತೋರಿಸೋಕೆ ಬೇಕಾದಷ್ಟಿದೆ. ದಿನಕ್ಕೆ ಸುಮಾರು 60 ಗ್ರಾಂ ಪ್ರೊಟೀನ್ ಹೋಗಬೇಕು. ಒಂದು ಲೋಟ ಹಾಲಿನಲ್ಲಿ ಆರು ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಆರೇಳು ಗ್ರಾಂ, 100 ಗ್ರಾಂ ಪನೀರಿನಲ್ಲಿ 18ರ ಹತ್ತಿರ. ಇಡೀ ದಿನ ಲೆಕ್ಕ ಹಾಕಿದರೂ ಮೊಟ್ಟೆ ತಿನ್ನದ ಮನೆಯಲ್ಲಿ ಕಷ್ಟವೇ, ಅದಕ್ಕೇ ಪ್ರೊಟೀನ್ ಪುಡಿ ಕೊಡುವುದು. ರಾಗಿ ಅಂಬಲಿ ತಂಪು, ಒಳ್ಳೆಯದು, ಆದರೆ ಅದರಲ್ಲಿ ಪ್ರೊಟೀನ್ ಕಡಿಮೆ. ಅದನ್ನೇ ಕುಡಿದು ಹೊಟ್ಟೆ ತುಂಬಿಸಿಕೊಂಡರೆ ಬೇರೆಯದಕ್ಕೆ ಜಾಗ ಇರುವುದಿಲ್ಲ. ಹೆಸರುಬೇಳೆ ದಪ್ಪಗೆ ಬೇಯಿಸಿ, ಮೊಸರು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಕೊಡುವುದು ನಿಮ್ಮ ಅತ್ತೆಗೆ ಯಾರೂ ಕಲಿಸಬೇಕಾಗಿಲ್ಲ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು ಅನ್ನುವುದನ್ನು ಮಾತ್ರ ಒತ್ತಿ ಹೇಳಿ. ಊಟಕ್ಕೆ ಕೂತ ಕೂಡಲೇ ನೀರಿನ ಚೊಂಬು ಇಡುವುದು ನಮ್ಮ ಕಡೆ ರೂಢಿ ಅಲ್ವಾ. ಒಂದು ಚಿಕ್ಕ ಸ್ಟೀಲ್ ಬಟ್ಟಲು, ಮಕ್ಕಳ ಚಮಚ ನಿಮಗೇ ಅಂತ ಎತ್ತಿಡಿ. ‘ಇದು ತುಂಬುವಷ್ಟು ನೀವೇ ಬಡಿಸಿ ಅತ್ತೆ’ ಅಂತ ಅವರ ಕೈಗೇ ಕೊಡಿ. ನಾಳೆ ನೆಂಟರ ಮನೆ ಮದುವೆಯಲ್ಲಿ ಯಾರಾದರೂ ಎಲೆಗೆ ಎರಡನೇ ಹೋಳಿಗೆ ಹಾಕಲು ಬಂದರೆ ಇದೇ ಅತ್ತೆ ಅಡ್ಡ ಕೈ ಹಿಡಿಯುತ್ತಾರೆ. ನೀವು ಬೇಡ ಅಂದರೆ ಯಾರೂ ಕೇಳುವುದಿಲ್ಲ. ಅವರು ಅಂದರೆ ಕೇಳುತ್ತಾರೆ.

ಹೋಳಿಗೆ ವಿಷಯ ಬಂತಲ್ಲ, ಇದೊಂದು ಹೇಳಿಬಿಡುತ್ತೀನಿ. ಯಾವತ್ತೋ ಒಂದು ದಿನ ವಾಂತಿಯಾದರೆ ಹೆದರಬೇಕಿಲ್ಲ. ದಿನವೂ ಆಗುತ್ತಿದ್ದರೆ, ನೀರೂ ನಿಲ್ಲದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಬಿ1 ವಿಟಮಿನ್ ಬೇಗ ಖಾಲಿಯಾಗುತ್ತದೆ. ಕಾಲು ಜೋಮು, ನಡೆದರೆ ತೂರಾಟ, ಕಣ್ಣಿಗೆ ಒಂದು ಎರಡಾಗಿ ಕಾಣುವುದು ಶುರುವಾದರೆ ಅದೇ ದಿನ ಆಸ್ಪತ್ರೆ.

ಯಜಮಾನರ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಮೂರು ತಿಂಗಳಿಂದ ಈ ಗುಟ್ಟಿನ ಮೂಟೆ ಅವರೊಬ್ಬರೇ ಹೊರುತ್ತಿದ್ದಾರೆ. ಅವರಮ್ಮನಿಗೆ ಸುಳ್ಳು, ನಿಮ್ಮಮ್ಮನಿಗೆ ಸುಳ್ಳು, ಫ್ರೆಂಡ್ಸಿಗೆ ಸುಳ್ಳು. ಮನುಷ್ಯ ಸಿಡುಕದೆ ಇನ್ನೇನು ಮಾಡುತ್ತಾನೆ. ಅತ್ತೆಗೆ ವಿಷಯ ತಿಳಿದರೆ ಮೊದಲು ಹಗುರಾಗುವವರು ಅವರೇ. ‘ನನಗೆ ಧೈರ್ಯ ಹೇಳಿ’ ಅಂತ ಅವರನ್ನು ಕೇಳಬೇಡಿ, ಪಾಪ ಏನು ಹೇಳಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ಕೆಲಸ ಕೊಡಿ. ಸಂಜೆ ಆರಕ್ಕೆ ಸ್ಕೂಟರಿನಲ್ಲಿ ಕುಂದವಾಡ ಕೆರೆಗೆ ಕರೆದುಕೊಂಡು ಹೋಗಿ, ಜೊತೆಗೆ ಒಂದು ಸುತ್ತು ನಡೆಯಿರಿ ಅನ್ನಿ. ಮಂಡಕ್ಕಿ ಮೆಣಸಿನಕಾಯಿ ಬೇಕಾದರೆ ಅಂಗಡಿ ಮುಂದೆಯೇ ತಿಂದು ಬನ್ನಿ, ಪೊಟ್ಟಣ ಮನೆಗೆ ತರಬೇಡಿ ಅನ್ನಿ. ಅಷ್ಟು ಮಾಡುತ್ತಾರೆ. ದಾವಣಗೆರೆ ಗಂಡಸಿಗೆ ಮೆಣಸಿನಕಾಯಿ ಬಿಡು ಅನ್ನುವುದು ಮಾತ್ರ ಆಗದ ಮಾತು.

ಸ್ಟಾಫ್ ರೂಮಿಗೆ ಒಂದೇ ಸಾಲು ಸಾಕು: ‘ಡಾಕ್ಟ್ರು ಹೇಳಿದ ಹಾಗೆ ತೂಕ ಇಳಿಸ್ತಾ ಇದ್ದೀನಿ, ಆರಾಮಿದ್ದೀನಿ.’ ಇದರಲ್ಲಿ ಸುಳ್ಳಿಲ್ಲ. ‘ಯಾಕ್ರಿ ಟೀಚರ್ರೇ, ಹಿಂಗ್ ಸೊರಗಿಬಿಟ್ರಿ’ ಅಂತ ದಿನಾ ಕೇಳುವವರಿಗೂ ಇದೇ ಸಾಲು, ಇದೇ ನಗು. ನಾಲ್ಕು ಸಲ ಕೇಳಿ ಬೇರೆಯವರ ಸುದ್ದಿ ಹುಡುಕಿಕೊಳ್ಳುತ್ತಾರೆ.

ಇಷ್ಟೆಲ್ಲ ಆದರೂ ಇವರ್ಯಾರಿಗೂ ನಿಮ್ಮ ಒಳಗಿನದು ಪೂರ್ತಿ ತಿಳಿಯುವುದಿಲ್ಲ. ಎರಡು ತುತ್ತಿಗೇ ಎದೆ ಕಟ್ಟಿದ ಹಾಗಾಗುವುದು, ಇಷ್ಟದ ತಿಂಡಿ ಎದುರಿದ್ದೂ ಬೇಡವಾಗುವುದು, ಕನ್ನಡಿಯಲ್ಲಿ ಯಾರೋ ಬೇರೆ ಕಂಡ ಹಾಗಾಗುವುದು. ಇದು ಗೊತ್ತಿರುವುದು ಆಪರೇಷನ್ ಆದವರಿಗೆ ಮಾತ್ರ. ಬೆಂಗಳೂರಿನ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ‘ನಮ್ಮ ಕಡೆಯಿಂದ ಬಂದು ಮಾಡಿಸಿಕೊಂಡವರು ಯಾರಾದರೂ ಇದ್ದರೆ, ಅವರು ಒಪ್ಪಿದರೆ, ಮಾತಾಡಿಸಿ’ ಅಂತ ಕೇಳಿ. ವರ್ಷ ಎರಡು ವರ್ಷ ದಾಟಿದ ಒಬ್ಬ ಹೆಂಗಸು ಸಿಕ್ಕರೂ ಸಾಕು. ಅಲ್ಲಿನ ಡಯಟಿಶಿಯನ್‌ಗೂ ಫೋನ್ ಮಾಡಿ. ಬ್ರೊಕೋಲಿ, ಕ್ವಿನೋವಾ ಬರೆದ ಚಾರ್ಟ್ ಕೊಟ್ಟಿದ್ದರೆ ಸಂಕೋಚ ಬಿಟ್ಟು ನಮ್ಮನೇಲಿ ಹೆಸರುಕಾಳು, ಅಲಸಂದೆ, ಜೋಳದ ರೊಟ್ಟಿ ಇರೋದು, ಅದರಲ್ಲೇ ಹೇಳಿ ಅನ್ನಿ.

ಕೂದಲು ವಾಪಸ್ ಬರುತ್ತದೆ. ಮೂರನೇ ತಿಂಗಳಿಂದ ಉದುರುವುದು ಈ ಆಪರೇಷನ್ನಿನಲ್ಲಿ ಮಾಮೂಲು, ಕೆಲವು ತಿಂಗಳು ಇದ್ದು ನಿಲ್ಲುತ್ತದೆ. ಕಬ್ಬಿಣ, ಬಿ12, ಡಿ ವಿಟಮಿನ್ ರಕ್ತಪರೀಕ್ಷೆ ಮಾತ್ರ ತಪ್ಪಿಸಬೇಡಿ, ಆ ಮಾತ್ರೆಗಳು ಜೀವನಪೂರ್ತಿ. ಈಗ ಕಾಟಾ ಮುಳ್ಳು ತಾನಾಗಿ ಇಳಿಯುತ್ತಿದೆ. ವರ್ಷ, ಒಂದೂವರೆ ವರ್ಷಕ್ಕೆ ಅದು ನಿಲ್ಲುತ್ತದೆ, ಹಸಿವು ಮೆಲ್ಲಗೆ ಮರಳುತ್ತದೆ. ಜನ ಬೇಕಾಗುವುದು ಆಗ ಇನ್ನೂ ಜಾಸ್ತಿ. ಅದಕ್ಕೇ ಈಗಲೇ ಕೂಡಿಸಿಕೊಳ್ಳಿ ಅನ್ನುವುದು. ನಡುವೆ ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮೂರು ತಿಂಗಳ ಚೆಕಪ್ ಬಂದೇ ಬಂತಲ್ಲ. ಈ ಸಲ ಮೂರು ಟಿಕೆಟ್ ತೆಗೆಸಿ. ಅತ್ತೆಯೂ ಬರಲಿ. ಸೊಸೆಗೆ ಏನು ಬಡಿಸಬೇಕು, ಎಷ್ಟು ಬಡಿಸಬೇಕು ಅಂತ ಡಾಕ್ಟರನ್ನು ಅವರೇ ಕೇಳಲಿ. ಮನೆಯ ಚಿಕ್ಕ ಬಟ್ಟಲನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅಳತೆ ತೋರಿಸೋಕೆ ಬೇಕಾಗುತ್ತದೆ. ರೈಲಿನಲ್ಲಿ ಕಿಟಕಿ ಸೀಟು ಅವರಿಗೆ ಬಿಟ್ಟುಕೊಡಿ.