ಸಂಕನ್ ಮುಚ್ಚುವ ಮುನ್ನ ನೋಡಬೇಕಾದದ್ದು

ಪ್ರಶ್ನೆ: ತುಮಕೂರಿನಲ್ಲಿ ಕಟ್ಟುತ್ತಿರುವ ನಮ್ಮ ಮನೆಯ ಮೊದಲ ಮಹಡಿಯ ಬಾತ್‌ರೂಮಿನ ಸಂಕನ್ನಿನಲ್ಲಿ (ಪೈಪುಗಳಿಗಾಗಿ ತಗ್ಗಿಸಿ ಬಿಟ್ಟ ನೆಲ) ಈಗ ಡ್ರೈನ್ ಪೈಪ್ ಕೂರಿಸುತ್ತಿದ್ದಾರೆ. ಕಮೋಡ್, ವಾಶ್ ಬೇಸಿನ್, ಶವರ್ ಎಲ್ಲದರ ನೀರನ್ನೂ ಒಂದೇ ನಾಲ್ಕಿಂಚಿನ ಪೈಪಿಗೆ ಸೇರಿಸಿದರೆ ಸಾಕು, ಗಾಳಿ ಪೈಪ್ ಬೇಡ ಎನ್ನುತ್ತಾರೆ ಪ್ಲಂಬರ್. ಇದು ಸರಿಯೇ? ಮುಂದೆ ವಾಸನೆ, ಸೋರಿಕೆ ಬಾರದಂತೆ ಏನು ಮಾಡಬೇಕು?

ಉತ್ತರ: ಒಂದೇ ಪೈಪಿಗೆ ಸೇರಿಸುವುದನ್ನು ಒಪ್ಪಬಹುದು, ಗಾಳಿ ಪೈಪ್ ಬೇಡವೆಂಬುದನ್ನು ಮಾತ್ರ ಒಪ್ಪಬೇಡಿ. ಹೊರಗಿನ ಚರಂಡಿ ಚೇಂಬರಿನ ದುರ್ವಾಸನೆಯನ್ನು ನಿಮ್ಮ ಕೋಣೆಯಿಂದ ದೂರ ಇಡುವುದು ಟ್ರ್ಯಾಪಿನಲ್ಲಿ, ಎಂದರೆ ಪೈಪಿನ ಬಾಗಿದ ಭಾಗದಲ್ಲಿ, ನಿಂತಿರುವ ಸುಮಾರು 50 ಮಿ.ಮೀ. ನೀರು ಮಾತ್ರ. ಕಮೋಡ್ ಫ್ಲಶ್ ಮಾಡಿದಾಗ ಪೈಪಿನಲ್ಲಿ ರಭಸದಿಂದ ಇಳಿಯುವ ನೀರು ತನ್ನ ಹಿಂದಿನ ಗಾಳಿಯನ್ನೂ ಎಳೆಯುತ್ತದೆ. ಮೇಲಿನಿಂದ ಗಾಳಿ ಬರಲು ದಾರಿಯಿಲ್ಲದಿದ್ದರೆ ಅದೇ ಪೈಪಿಗೆ ಸೇರಿದ ಬೇಸಿನ್ ಟ್ರ್ಯಾಪ್ ಮತ್ತು ನೆಲದ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪಿನ ನೀರು ಹೀರಿಹೋಗಿ ವಾಸನೆ ಒಳಗೆ ಬರುತ್ತದೆ. ಆದ್ದರಿಂದ ನೇರ ಇಳಿಯುವ ಆ ನಾಲ್ಕಿಂಚಿನ (110 ಮಿ.ಮೀ.) ಪೈಪನ್ನು ಅದೇ ಅಳತೆಯಲ್ಲಿ ತಾರಸಿಯ ಮೇಲಕ್ಕೆ ಒಯ್ದು, ಕಿಟಕಿಗಳಿಂದ ದೂರದಲ್ಲಿ ತುದಿಗೆ ಕೌಲ್ (ಗಾಳಿಯಾಡುವ ಮುಚ್ಚಳ) ಹಾಕಿಸಿ. ಗೋಡೆಯ ಹೊರಗೆ ಜಾಗವಿದ್ದರೆ ಸ್ನಾನ ಮತ್ತು ಬೇಸಿನ್ ನೀರಿಗೆ 75 ಮಿ.ಮೀ.ನ ಬೇರೆ ಪೈಪ್ ಇಳಿಸಿ ಮನೆಯ ಹೊರಗೆ ನೆಲಮಟ್ಟದಲ್ಲಿರುವ ಗಲ್ಲಿ ಟ್ರ್ಯಾಪಿಗೆ ಬಿಡುವುದೇ ನನ್ನ ಆಯ್ಕೆ. ಅಡುಗೆಮನೆಯ ಜಿಡ್ಡಿನ ನೀರನ್ನಂತೂ ಕಮೋಡಿನ ಪೈಪಿಗೆ ಸೇರಿಸಬೇಡಿ.

ಅಡ್ಡ ಪೈಪುಗಳ ಇಳಿಜಾರು 40ಕ್ಕೆ 1ರಷ್ಟಿರಲಿ, ಎಂದರೆ ಒಂದು ಮೀಟರಿಗೆ 25 ಮಿ.ಮೀ.; ಎರಡು ಮೀಟರ್ ಉದ್ದಕ್ಕೆ 50 ಮಿ.ಮೀ. ಇಳಿತ ಸಂಕನ್ ಆಳದಲ್ಲಿ ಸಿಗುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ಪೈಪ್ ಖರೀದಿಸುವಾಗ ಭಾರತೀಯ ಮಾನಕ ಐಎಸ್ 13592ರ ಬಿ ಮಾದರಿಯನ್ನು ಕೇಳಿ. ತೆಳುವಾದ ಎ ಮಾದರಿ ಮಳೆನೀರು ಮತ್ತು ಗಾಳಿ ಪೈಪಿಗಷ್ಟೇ ಸೂಕ್ತ.

ಹೆಚ್ಚಿನ ಎಡವಟ್ಟು ಆಗುವುದು ಕಮೋಡಿನ ಅಳತೆಯಲ್ಲಿ. ಎಸ್ ಟ್ರ್ಯಾಪ್ ಕಮೋಡಿನ ಪೈಪ್ ನೆಲದಲ್ಲಿ ಎಲ್ಲಿ ಬರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೆಲವಕ್ಕೆ ಗೋಡೆಯಿಂದ 225 ಮಿ.ಮೀ., ಕೆಲವಕ್ಕೆ 300 ಮಿ.ಮೀ. ಈ ದೂರವನ್ನು ಅಳೆಯಬೇಕಾದದ್ದು ಟೈಲ್ ಅಂಟಿಸಿದ ನಂತರದ ಗೋಡೆಯ ಮುಖದಿಂದ. ಈಗ ಇಟ್ಟಿಗೆಯಿಂದ ಅಳೆದರೆ ಪ್ಲಾಸ್ಟರ್ ಮತ್ತು ಟೈಲಿನ ದಪ್ಪದಷ್ಟು ವ್ಯತ್ಯಾಸವಾಗಿ ಕಮೋಡ್ ಕೂರುವುದೇ ಇಲ್ಲ. ಆದಕಾರಣ ಕಮೋಡನ್ನು ಇಂದೇ ಆಯ್ಕೆ ಮಾಡಿ, ಅದರ ನಕ್ಷೆಯನ್ನು ಪ್ಲಂಬರ್ ಕೈಗೆ ಕೊಡಿ. ಪಿ ಟ್ರ್ಯಾಪ್ ಮಾದರಿಯಾದರೆ ಪೈಪ್ ನೆಲದ ಮೇಲಿನಿಂದಲೇ ಗೋಡೆಯಾಚೆ ಹೋಗುತ್ತದೆ. ಮೊದಲ ಮಹಡಿಗೆ ಅದೇ ಒಳ್ಳೆಯದು, ಏಕೆಂದರೆ ಸಂಕನ್ ಒಳಗೆ ಹೂತುಹೋಗುವ ಜಾಯಿಂಟ್‌ಗಳು ಕಡಿಮೆಯಾಗುತ್ತವೆ.

ಸಂಕನ್ ತುಂಬುವ ಮೊದಲು ಎರಡು ಪರೀಕ್ಷೆಗಳನ್ನು ನೀವೇ ನಿಂತು ಮಾಡಿಸಿ. ಜಾಯಿಂಟಿನ ಅಂಟು ಪೂರ್ತಿ ಒಣಗಿದ ಮೇಲೆ ಪೈಪಿನ ಕೆಳತುದಿಯನ್ನು ಪ್ಲಗ್‌ನಿಂದ ಮುಚ್ಚಿ, ನಹಾನಿ ಟ್ರ್ಯಾಪಿನ ಮಟ್ಟದವರೆಗೆ ನೀರು ತುಂಬಿಸಿ ಗುರುತು ಹಾಕಿ ಒಂದು ರಾತ್ರಿ ಬಿಡಿ. ನೀರು ಇಳಿದಿದ್ದರೆ ಜಾಯಿಂಟ್ ಹುಡುಕಿ ಸರಿಪಡಿಸಿ. ಅನಂತರ ಪೈಪ್ ಗೋಡೆ ದಾಟುವ ರಂಧ್ರವನ್ನು ಗ್ರೌಟ್‌ನಿಂದ ತುಂಬಿ, ವಾಟರ್‌ಪ್ರೂಫಿಂಗ್ ಮುಗಿಸಿ, ಸಂಕನ್ನಿನಲ್ಲೇ ನೀರು ನಿಲ್ಲಿಸಿ ಕೆಳಗಿನ ಛಾವಣಿಯನ್ನು ಎರಡು ದಿನ ನೋಡಿ. ತಳದ ಅತ್ಯಂತ ತಗ್ಗಿನಿಂದ ಹೊರಗೋಡೆಗೆ ಒಂದು ಸಣ್ಣ ಪೈಪ್ ಹಾಕಿಸಿ. ಮುಂದೆಂದಾದರೂ ಸೋರಿಕೆಯಾದರೆ ಅದು ನಿಮಗೆ ಅಲ್ಲಿ ಕಾಣಿಸುತ್ತದೆ. ಮುಚ್ಚುವ ಮುನ್ನ ಪೈಪುಗಳಿಗೆ ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ.